ಹೊಣೆ ಕೈ ಬದಲಿಸಿದ ಬಗೆ: ಬೆಂಗಳೂರಿನ ವಿಕಲಚೇತನ ಉದ್ಯೋಗ ಸಂಸ್ಥೆಗಳ ಆರು ದಶಕ

ಅಂಗವಿಕಲರಿಗೆಂದೇ ದೇಶದ ಮೊದಲ ವಿಶೇಷ ಉದ್ಯೋಗ ವಿನಿಮಯ ಕೇಂದ್ರ ಮುಂಬೈಯಲ್ಲಿ ತೆರೆದದ್ದು 1959ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು, ಇಂದು ಎಪಿಡಿ ಎಂದು ಹೆಸರಾಗಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು ಕಟ್ಟಿದರು. ಹೇಮಾ ಸ್ವತಃ ಪೋಲಿಯೊ ಪೀಡಿತರು, ಗಾಲಿಕುರ್ಚಿಯಲ್ಲೇ ಓಡಾಡಿದವರು. ಸರ್ಕಾರ ಒಂದು ಊರಿನಲ್ಲಿ ನೋಂದಣಿ ಪುಸ್ತಕ ತೆರೆದಾಗ ಇನ್ನೊಂದು ಊರಿನಲ್ಲಿ ವಿಕಲಚೇತನ ಮಹಿಳೆಯೊಬ್ಬರು ತಮ್ಮಂಥವರಿಗೆ ಕಸುಬು ಕಲಿಸಲು ಮುಂದಾದರು. ಬೆಂಗಳೂರಿನಲ್ಲಿ ಆಮೇಲೆ ಹುಟ್ಟಿದ ಇಂಥ ಹಲವು ಸಂಸ್ಥೆಗಳನ್ನು ಕಟ್ಟಿದವರು ವಿಕಲಚೇತನರು, ಇಲ್ಲವೇ ಅವರ ಮನೆಯವರು. ಈ ಚರಿತ್ರೆಯ ಉದ್ದಕ್ಕೂ ಕಾಣುವ ಗುಣ ಇದು.

ಇಂಥ ಸಂಸ್ಥೆಗಳ ಸಾಧನೆಯನ್ನು ಎಷ್ಟು ಮಂದಿಗೆ ಕೆಲಸ ಕೊಡಿಸಿದರು ಎಂಬ ಲೆಕ್ಕದಲ್ಲಿ ಹೇಳುವುದು ರೂಢಿ. ಆ ಲೆಕ್ಕಕ್ಕೆ ಬೆಲೆಯಿದೆ. ಪ್ರತಿ ಸಂಖ್ಯೆಯ ಹಿಂದೆಯೂ ಒಂದು ಸಂಸಾರದ ಅನ್ನವಿದೆ. ಆದರೆ ಆರು ದಶಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದಕ್ಕಿಂತ ದೊಡ್ಡ ಬದಲಾವಣೆಯೊಂದು ಕಾಣುತ್ತದೆ. ವಿಕಲಚೇತನ ವ್ಯಕ್ತಿ ಕೆಲಸ ಮಾಡುವಂತಾಗಲು ಯಾರು ಶ್ರಮ ಪಡಬೇಕು ಎಂಬುದಕ್ಕೆ ಸಮಾಜ ಕೊಟ್ಟ ಉತ್ತರ ಹಂತ ಹಂತವಾಗಿ ಬದಲಾಯಿತು. ಮೊದಲು ಆ ಹೊಣೆಯೆಲ್ಲ ವ್ಯಕ್ತಿಯ ಮೇಲಿತ್ತು. ಆಮೇಲೆ ಸೇವಾಸಂಸ್ಥೆಗಳು ಅದರಲ್ಲಿ ಪಾಲು ಹೊತ್ತವು. ಅನಂತರ ಕೆಲಸ ಕೊಡುವ ಕಂಪನಿಯ ಸರದಿ ಬಂತು. ಈಗ ಅದು ತಂತ್ರಾಂಶ ಬರೆಯುವವರ, ವೆಬ್‌ಸೈಟ್ ಕಟ್ಟುವವರ, ಕಡತ ಸಿದ್ಧಪಡಿಸುವವರ ಮೇಜಿನವರೆಗೂ ಬಂದಿದೆ. ಈ ಪ್ರಯಾಣವನ್ನು ದಾಖಲಿಸುವುದು ಈ ಲೇಖನದ ಉದ್ದೇಶ.

ಕೈಕೆಲಸದ ಕಾಲ

ನಮ್ಮಲ್ಲಿ ವಿಕಲಚೇತನರ ಶಿಕ್ಷಣದ ಇತಿಹಾಸ ಅವರ ಉದ್ಯೋಗದ ಇತಿಹಾಸಕ್ಕಿಂತ ಹಳೆಯದು. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಅಂಧರು ಮತ್ತು ಕಿವುಡರಿಗಾಗಿ ಶಾಲೆ ತೆರೆದದ್ದು 1901ರಲ್ಲಿ. ಭಾರತದ ಭಾಷೆಗಳಿಗೆಲ್ಲ ಹೊಂದುವ ಏಕರೂಪದ ಚುಕ್ಕಿಲಿಪಿಯಾಗಿ ಭಾರತಿ ಬ್ರೈಲ್ 1951ರಲ್ಲಿ ನೆಲೆಗೊಂಡಿತು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಮೈಸೂರಿನಲ್ಲೇ ಸ್ಥಾಪನೆಯಾಯಿತು. ಓದು ಒಂದಿಷ್ಟು ಮಂದಿಗಾದರೂ ಎಟುಕಿತು. ಓದಿದ ಮೇಲೆ ಏನು ಎಂಬ ಪ್ರಶ್ನೆಗೆ ಮಾತ್ರ ಉತ್ತರದ ಪಟ್ಟಿ ತೀರಾ ಗಿಡ್ಡದಾಗಿತ್ತು: ಬೆತ್ತದ ಕುರ್ಚಿ ಹೆಣೆಯುವುದು, ಮೇಣದಬತ್ತಿ ಮಾಡುವುದು, ಸಂಗೀತದ ಮೇಷ್ಟರಾಗುವುದು, ಅದೃಷ್ಟವಿದ್ದರೆ ಟೆಲಿಫೋನ್ ಆಪರೇಟರ್ ಆಗುವುದು. ಕಣ್ಣಿಲ್ಲದವರಿಗೆ ಯಾವ ಕೆಲಸ ಒಗ್ಗುತ್ತದೆ ಎಂಬುದನ್ನು ಕಣ್ಣಿದ್ದವರು ಕೂತು ತೀರ್ಮಾನಿಸಿದ ಪಟ್ಟಿ ಅದು.

ಆ ಪಟ್ಟಿಯನ್ನು ಹಿಗ್ಗಿಸಲು ಬೆಂಗಳೂರು ಅನುಕೂಲವಾದ ಊರಾಗಿತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ನಗರದಲ್ಲಿ ಕೈಚಳಕಕ್ಕೆ, ಸೂಕ್ಷ್ಮ ಜೋಡಣೆಯ ಕೆಲಸಕ್ಕೆ ಮರ್ಯಾದೆಯಿತ್ತು. ಎಪಿಡಿ ಲಿಂಗರಾಜಪುರದ ತನ್ನ ಆವರಣದಲ್ಲಿ ಶಾಲೆಯ ಜೊತೆಗೆ ಔದ್ಯೋಗಿಕ ತರಬೇತಿಯನ್ನು ಬೆಳೆಸಿತು. ಜೀವನ್ ಬಿಮಾ ನಗರದ ತೋಟಗಾರಿಕೆ ಕೇಂದ್ರದಲ್ಲಿ ಸಸಿ ಬೆಳೆಸುವುದನ್ನು, ಉದ್ಯಾನ ನೋಡಿಕೊಳ್ಳುವುದನ್ನು ಜೀವನೋಪಾಯವಾಗಿ ಕಲಿಸಿತು. ಗಡಿಯಾಚೆ ಹೊಸೂರಿನಲ್ಲಿ ಟೈಟಾನ್ ಕೈಗಡಿಯಾರ ಕಾರ್ಖಾನೆ ತನ್ನ ಆರಂಭದ ವರ್ಷಗಳಿಂದಲೇ ವಿಕಲಚೇತನರನ್ನು ಉತ್ಪಾದನೆಯ ಸಾಲಿಗೆ ಸೇರಿಸಿಕೊಂಡು, ಗುಣಮಟ್ಟದಲ್ಲಿ ರಾಜಿಯಿಲ್ಲದೆ ಇದು ನಡೆಯುತ್ತದೆ ಎಂದು ತೋರಿಸಿಕೊಟ್ಟಿತು.

ಸರ್ಕಾರವೂ ಕೈಕಟ್ಟಿ ಕೂತಿರಲಿಲ್ಲ. 1977ರಲ್ಲಿ ಕೇಂದ್ರ ಸರ್ಕಾರ ತನ್ನ ‘ಸಿ’ ಮತ್ತು ‘ಡಿ’ ದರ್ಜೆಯ ಹುದ್ದೆಗಳಲ್ಲಿ 3% ಮೀಸಲಾತಿ ತಂದಿತು. 1995ರ ವಿಕಲಚೇತನರ ಕಾಯ್ದೆ ಆ ಆದೇಶಕ್ಕೆ ಶಾಸನದ ಬಲ ಕೊಟ್ಟಿತು. ದೃಷ್ಟಿ, ಶ್ರವಣ, ಚಲನೆ ಎಂದು ಮೂರು ಭಾಗ ಮಾಡಿ ತಲಾ 1% ಎಂದಿತು. ಆದರೆ ಮೀಸಲಾತಿ ಅನ್ವಯವಾಗುತ್ತಿದ್ದದ್ದು ‘ಗುರುತಿಸಿದ ಹುದ್ದೆ’ಗಳಿಗೆ ಮಾತ್ರ. ಹುದ್ದೆ ಇದ್ದಂತೆಯೇ ಇರುತ್ತದೆ, ಅದಕ್ಕೆ ಹೊಂದುವ ದೇಹವನ್ನು ಹುಡುಕಬೇಕು ಎಂಬುದು ಅದರ ಹಿಂದಿದ್ದ ತರ್ಕ. ಹುದ್ದೆಯನ್ನೇ ಸ್ವಲ್ಪ ಬದಲಿಸಬಹುದಲ್ಲ ಎಂಬ ವಿಚಾರ ಆಗಿನ್ನೂ ಕಾನೂನಿನ ಭಾಷೆಗೆ ಬಂದಿರಲಿಲ್ಲ. ಹೊಂದಿಕೊಳ್ಳುವ ಹೊಣೆ ಪೂರ್ತಿ ಅಭ್ಯರ್ಥಿಯದ್ದೇ ಆಗಿತ್ತು.

ಯಂತ್ರ ಮಾತಾಡತೊಡಗಿದ ಮೇಲೆ

1990ರ ದಶಕದಲ್ಲಿ ಕಚೇರಿಗಳ ಟೆಲಿಫೋನ್ ವಿನಿಮಯ ಕೇಂದ್ರಗಳು ಸ್ವಯಂಚಾಲಿತವಾದವು. ಅಂಧರು ಕೂರಬಹುದು ಎಂದು ಸಮಾಜ ಒಪ್ಪಿಕೊಂಡಿದ್ದ ಕೆಲವೇ ಕುರ್ಚಿಗಳಲ್ಲಿ ಒಂದು ಹೀಗೆ ಕಣ್ಮರೆಯಾಗತೊಡಗಿತು. ಅದೇ ಹೊತ್ತಿಗೆ ಕಂಪ್ಯೂಟರ್ ಕಚೇರಿಗೆ ಬಂತು. ಅದರ ಜೊತೆಗೆ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವೂ ಬಂತು.

ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ ಪ್ರೋಗ್ರಾಮಿಂಗ್ ಕಲಿತು, 1987ರಲ್ಲಿ ಹೆಂಟರ್-ಜಾಯ್ಸ್ ಕಂಪನಿ ಕಟ್ಟಿದರು. ಅವರ ಜಾಸ್ ತಂತ್ರಾಂಶದ ಡಾಸ್ ಆವೃತ್ತಿ 1989ರಲ್ಲಿ, ವಿಂಡೋಸ್ ಆವೃತ್ತಿ 1995ರಲ್ಲಿ ಹೊರಬಂತು. ಸ್ಕ್ರೀನ್ ರೀಡರ್ ಪರದೆಯ ಚಿತ್ರವನ್ನು ನೋಡುವುದಿಲ್ಲ. ಪರದೆಯ ಹಿಂದಿರುವ ಮಾಹಿತಿಯನ್ನು ಓದಿ ಹೇಳುತ್ತದೆ. ಇದು ಶೀರ್ಷಿಕೆ, ಇದು ಕೊಂಡಿ, ಇದು ಹೆಸರು ತುಂಬುವ ಜಾಗ, ಇದು ಒತ್ತುವ ಗುಂಡಿ ಎಂದು ತಂತ್ರಾಂಶ ಬರೆದವರು ಒಳಗೆ ಗುರುತು ಹಾಕಿದ್ದರೆ ಅದನ್ನೇ ದನಿಯಲ್ಲಿ ಒಪ್ಪಿಸುತ್ತದೆ. ಗುರುತು ಹಾಕದಿದ್ದರೆ ‘ಬಟನ್, ಬಟನ್, ಬಟನ್’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಡಿಜಿಟಲ್ ಸುಗಮ್ಯತೆಯ, ಅಂದರೆ ವಿಕಲಚೇತನರೂ ಬಳಸಬಲ್ಲಂತೆ ತಂತ್ರಾಂಶ ಕಟ್ಟುವುದರ ಇಡೀ ಕಥೆ ಈ ಒಂದು ಅಂಶದ ಮೇಲೆ ನಿಂತಿದೆ. ಮೌಸ್ ಹಿಡಿಯಲಾಗದವರು ಕೀಲಿಮಣೆಯೊಂದರಿಂದಲೇ ಕೆಲಸ ಮುಗಿಸಬಲ್ಲರೇ, ಕಿವಿ ಕೇಳದವರಿಗೆ ವಿಡಿಯೊದ ಮಾತು ಅಕ್ಷರದಲ್ಲಿ ಮೂಡುತ್ತದೆಯೇ, ಮಂದದೃಷ್ಟಿಯವರಿಗೆ ಅಕ್ಷರದ ಬಣ್ಣ ಹಿನ್ನೆಲೆಯಿಂದ ಎದ್ದು ಕಾಣುತ್ತದೆಯೇ ಎಂಬುದೆಲ್ಲ ಬರೆಯುವಾಗಲೇ ತೀರ್ಮಾನವಾಗುವ ಸಂಗತಿ.

ಬೆಂಗಳೂರಿನ ಸಂಸ್ಥೆಗಳು ಇದನ್ನು ಬೇಗ ಮನಗಂಡವು. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಮಧು ಸಿಂಘಾಲ್ 1990ರಲ್ಲಿ ಮಿತ್ರ ಜ್ಯೋತಿ ಆರಂಭಿಸಿದರು. ಧ್ವನಿ ಪುಸ್ತಕಗಳ ಗ್ರಂಥಾಲಯ, ಬ್ರೈಲ್ ಮುದ್ರಣ, ಅಂಧ ಯುವತಿಯರಿಗೆ ಸ್ವತಂತ್ರ ಬದುಕಿನ ತರಬೇತಿಯ ಜೊತೆಗೆ ಕಂಪ್ಯೂಟರ್ ತರಗತಿಯೂ ಅಲ್ಲಿ ಬಂತು. ಬಾಲ್ಯದ ಗೆಳೆಯರೂ ದೃಷ್ಟಿ ದೋಷವುಳ್ಳವರೂ ಆದ ಜಿ.ಕೆ. ಮಹಾಂತೇಶ್ ಮತ್ತು ಎಸ್.ಪಿ. ನಾಗೇಶ್ 1997ರಲ್ಲಿ ಸಮರ್ಥನಂ ಕಟ್ಟಿದರು. ಅಂಧರ ಕ್ರಿಕೆಟ್‌ನಿಂದ ನಾಡಿಗೆಲ್ಲ ಪರಿಚಿತವಾದ ಆ ಸಂಸ್ಥೆ, ಹಳ್ಳಿಗಾಡಿನ ವಿಕಲಚೇತನ ಯುವಜನರಿಗೆ ವಸತಿ, ಓದು, ಕಂಪ್ಯೂಟರ್ ತರಬೇತಿ ಕೊಟ್ಟು ಉದ್ಯೋಗದವರೆಗೂ ಕೈಹಿಡಿದು ನಡೆಸುವ ದಾರಿ ಮಾಡಿತು.

ಆದರೆ ಜಾಸ್ ದುಬಾರಿ. ಕಂಪ್ಯೂಟರಿನ ಬೆಲೆಗಿಂತ ಅದನ್ನು ಮಾತಾಡಿಸುವ ತಂತ್ರಾಂಶದ ಪರವಾನಗಿಯೇ ಭಾರವಾಗುತ್ತಿತ್ತು. ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬರೆಯತೊಡಗಿ, ಅದನ್ನು ಮುಕ್ತ ತಂತ್ರಾಂಶವಾಗಿ ಉಚಿತವಾಗಿ ಕೊಟ್ಟ ಮೇಲೆ ಚಿತ್ರ ಬದಲಾಯಿತು. ತರಬೇತಿ ಕೇಂದ್ರದಲ್ಲಿ ಕಲಿತದ್ದನ್ನು ಮನೆಗೆ ಹೋಗಿ ಮರೆಯುವ ಪರಿಸ್ಥಿತಿ ತಪ್ಪಿತು. ಕಲಿತ ಯಂತ್ರವೇ ಮನೆಯಲ್ಲೂ ಕಚೇರಿಯಲ್ಲೂ ಸಿಗುವಂತಾಯಿತು.

ಕಚೇರಿ ಕಲಿತ ಪಾಠ

1999ರಲ್ಲಿ ಶಾಂತಿ ರಾಘವನ್ ಮತ್ತು ಅವರ ಪತಿ ದೀಪೇಶ್ ಸುತಾರಿಯಾ ಬೆಂಗಳೂರಿನಲ್ಲಿ ಎನೇಬಲ್ ಇಂಡಿಯಾ ಸ್ಥಾಪಿಸಿದರು. ಇಬ್ಬರೂ ತಂತ್ರಾಂಶ ಕ್ಷೇತ್ರದವರು. ಶಾಂತಿಯವರ ತಮ್ಮ ಹದಿಹರೆಯದಲ್ಲೇ ರೆಟಿನೈಟಿಸ್ ಪಿಗ್ಮೆಂಟೋಸಾದಿಂದ ದೃಷ್ಟಿ ಕಳೆದುಕೊಂಡಿದ್ದರು. ಮನೆಯವರ ಒತ್ತಾಸೆಯಿಂದ ಎಂಬಿಎ ಮುಗಿಸಿದರೂ ಕೆಲಸಕ್ಕಾಗಿ ಅವರು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಾಯಿತು. ಓದು ಇದೆ, ಕೌಶಲವಿದೆ, ಆದರೂ ಸಂದರ್ಶನ ದಾಟಲಾಗುತ್ತಿಲ್ಲ ಎಂದರೆ ತೊಡಕು ಎಲ್ಲಿದೆ? ಈ ಪ್ರಶ್ನೆ ಸಂಸ್ಥೆಯ ದಿಕ್ಕನ್ನು ನಿರ್ಧರಿಸಿತು.

ಅಭ್ಯರ್ಥಿಗೆ ತರಬೇತಿ ಕೊಟ್ಟು ಕಳಿಸಿದರೆ ಸಾಲದು, ಕೆಲಸದ ಜಾಗವನ್ನೂ ಸಿದ್ಧಪಡಿಸಬೇಕು ಎಂಬುದು ಎನೇಬಲ್ ಇಂಡಿಯಾ ಕಂಡುಕೊಂಡ ಉತ್ತರ. ಅದಕ್ಕಾಗಿ ಅವರು ಒಂದು ಕ್ರಮವನ್ನು ರೂಪಿಸಿದರು. ಮೊದಲು ಆ ಹುದ್ದೆಯಲ್ಲಿ ದಿನವಿಡೀ ನಡೆಯುವ ಕೆಲಸವನ್ನು ಬಿಡಿಬಿಡಿ ಹಂತಗಳಾಗಿ ಬರೆಯುವುದು. ಪ್ರತಿ ಹಂತವನ್ನೂ ದೃಷ್ಟಿಯಿಲ್ಲದೆ, ಶ್ರವಣವಿಲ್ಲದೆ ಅಥವಾ ಒಂದೇ ಕೈಯಲ್ಲಿ ಹೇಗೆ ಮಾಡಬಹುದು ಎಂದು ಪರೀಕ್ಷಿಸುವುದು. ಎಲ್ಲಿ ತೊಡಕಿದೆಯೋ ಅಲ್ಲಿಗೆ ಪರಿಹಾರ ಹುಡುಕುವುದು. ಅದು ಸ್ಕ್ರೀನ್ ರೀಡರ್‌ಗೆ ಬರೆದ ಪುಟ್ಟ ಸ್ಕ್ರಿಪ್ಟ್ ಆಗಿರಬಹುದು, ಮೇಜಿನ ಎತ್ತರ ಬದಲಿಸುವುದಾಗಿರಬಹುದು, ಬಾಯಿಮಾತಿನ ಸೂಚನೆಯನ್ನು ಚಾಟ್‌ನಲ್ಲಿ ಬರೆದು ಕೊಡುವುದಾಗಿರಬಹುದು. ಕಡೆಗೆ, ಜೊತೆಯಲ್ಲಿ ಕೆಲಸ ಮಾಡುವವರ ಜೊತೆ ಕೂತು ಮಾತಾಡುವುದು. ಕಿವುಡ ಸಹೋದ್ಯೋಗಿಯ ಗಮನ ಸೆಳೆಯುವುದು ಹೇಗೆ, ಅಂಧ ಸಹೋದ್ಯೋಗಿಗೆ ದಾರಿ ತೋರುವಾಗ ಯಾರು ಯಾರ ತೋಳು ಹಿಡಿಯಬೇಕು ಎಂಬಂಥ ಸಣ್ಣ ವಿಷಯಗಳು ತಿಳಿಯದೇ ಇದ್ದುದರಿಂದ ಎಷ್ಟೋ ಕಚೇರಿಗಳಲ್ಲಿ ಜನ ಮಾತಾಡಿಸುವುದನ್ನೇ ಬಿಡುತ್ತಿದ್ದರು. ನೇಮಕವಾದ ಮೇಲೂ ಸಂಸ್ಥೆಯ ಸಂಪರ್ಕ ಮುಂದುವರಿಯುತ್ತಿತ್ತು.

ಇದು ಚರಿತ್ರೆಯ ತಿರುವು. ಇಲ್ಲಿಂದ ಮುಂದೆ ಹೊಣೆಯ ಒಂದು ಪಾಲು ಕಂಪನಿಗೆ ದಾಟಿತು. 2006ರಲ್ಲಿ ವೈ.ಎಸ್. ಪವಿತ್ರಾ ಆರಂಭಿಸಿದ ವಿಂಧ್ಯ ಇ-ಇನ್ಫೋಮೀಡಿಯಾ ಇನ್ನೂ ಮುಂದೆ ಹೋಯಿತು. ಲಾಭಕ್ಕಾಗಿ ನಡೆಯುವ ಬಿಪಿಒ ಕಂಪನಿಯೊಂದರಲ್ಲಿ ಸಿಬ್ಬಂದಿಯ ಬಹುಪಾಲು ವಿಕಲಚೇತನರೇ ಇರಲು ಸಾಧ್ಯ ಎಂಬುದನ್ನು ಅದು ದಿನನಿತ್ಯದ ವ್ಯವಹಾರದಲ್ಲೇ ತೋರಿಸಿತು. ಸ್ಯಾಪ್ ಲ್ಯಾಬ್ಸ್ ತನ್ನ ಬೆಂಗಳೂರು ಕೇಂದ್ರದಲ್ಲಿ ಆಟಿಸಂ ಇರುವವರನ್ನು ತಂತ್ರಾಂಶ ಪರೀಕ್ಷೆಯ ಕೆಲಸಕ್ಕೆ ತೆಗೆದುಕೊಂಡು ಪ್ರಯೋಗ ನಡೆಸಿತು. ಆ ಅನುಭವ 2013ರಲ್ಲಿ ಕಂಪನಿ ಜಗತ್ತಿನಾದ್ಯಂತ ಘೋಷಿಸಿದ ‘ಆಟಿಸಂ ಅಟ್ ವರ್ಕ್’ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಸಂದರ್ಶನದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಚುರುಕಾಗಿ ಮಾತಾಡುವುದೇ ಯೋಗ್ಯತೆಯ ಅಳತೆಯಲ್ಲ, ಕೆಲಸವನ್ನೇ ಮಾಡಿಸಿ ನೋಡಬಹುದು ಎಂಬ ತಿಳಿವಳಿಕೆ ಇಂಥ ಪ್ರಯೋಗಗಳಿಂದ ಗಟ್ಟಿಯಾಯಿತು.

ಸರ್ಕಾರಿ ವಲಯದಲ್ಲಿ ಇದಕ್ಕೆ ವಿರುದ್ಧವಾದ ಪರಿಸ್ಥಿತಿ ಹಲವೆಡೆ ಉಳಿಯಿತು. ಮೀಸಲಾತಿಯಿಂದ ಬ್ಯಾಂಕು, ಇಲಾಖೆಗಳಲ್ಲಿ ನೇಮಕವಾದ ಅಂಧ ನೌಕರರು ಕುರ್ಚಿ ಪಡೆದರು. ಅಲ್ಲಿನ ತಂತ್ರಾಂಶ ಸ್ಕ್ರೀನ್ ರೀಡರ್‌ಗೆ ಸ್ಪಂದಿಸದಿದ್ದಾಗ ಕೆಲಸ ಮಾತ್ರ ಅವರ ಕೈಗೆ ಬರಲಿಲ್ಲ. ಪರೀಕ್ಷೆ ಬರೆದು ಗೆದ್ದು ಬಂದವರು ಫೋನ್ ಎತ್ತುತ್ತ, ಸುಮ್ಮನೆ ಕೂತು ಸಂಜೆ ಮನೆಗೆ ಹೋಗುವಂತಾದದ್ದು ಸಂಬಳದಿಂದ ತುಂಬಿಕೊಡಲಾಗದ ನಷ್ಟ. ಬಡ್ತಿಯ ಪ್ರಶ್ನೆ ಬಂದಾಗ ‘ಇವರಿಗೆ ಅನುಭವವಿಲ್ಲ’ ಎಂಬ ಷರಾ ಬೀಳುತ್ತಿತ್ತು. ಅನುಭವ ಸಿಗದಂತೆ ಮಾಡಿದ್ದು ತಂತ್ರಾಂಶ ಎಂಬುದನ್ನು ಯಾರೂ ಕಡತದಲ್ಲಿ ಬರೆಯುತ್ತಿರಲಿಲ್ಲ.

ಕನ್ನಡದ ಕಡತ ಮತ್ತು ಓದಲಾಗದ ಅಕ್ಷರ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕಿತ್ತು. ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಆದರೆ ನಮ್ಮ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಬಹುಕಾಲ ಆಳಿದ್ದು ಹಳೆಯ ಫಾಂಟ್‌ಗಳ ಪದ್ಧತಿ. ಬರಹ, ನುಡಿ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದು ಮಾಡಿದ ಉಪಕಾರ ದೊಡ್ಡದು. ಅವಿಲ್ಲದೆ ಆಡಳಿತದಲ್ಲಿ ಕನ್ನಡ ಇಷ್ಟು ಬೇಗ ನೆಲೆಯೂರುತ್ತಿರಲಿಲ್ಲ. ಆದರೆ ಆ ಕಾಲದ ತಾಂತ್ರಿಕ ಮಿತಿಯಲ್ಲಿ, ಪರದೆಯ ಮೇಲೆ ಕನ್ನಡವಾಗಿ ಕಾಣುತ್ತಿದ್ದದ್ದು ಯಂತ್ರದೊಳಗೆ ಇಂಗ್ಲಿಷ್ ಮತ್ತು ಯುರೋಪಿನ ಲಿಪಿಚಿಹ್ನೆಗಳ ಸಾಲಾಗಿರುತ್ತಿತ್ತು. ಕಣ್ಣಿಗೆ ‘ಸರ್ಕಾರಿ ಆದೇಶ’ ಎಂದು ಕಂಡದ್ದನ್ನು ಸ್ಕ್ರೀನ್ ರೀಡರ್ ಅರ್ಥವಿಲ್ಲದ ಅಕ್ಷರಗಳ ಗೊಂದಲವಾಗಿ ಉಚ್ಚರಿಸುತ್ತಿತ್ತು. ಅದಕ್ಕಿಂತ ಕಷ್ಟದ್ದು, ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸಿದ ಆದೇಶ. ಅದರೊಳಗೆ ಅಕ್ಷರವೇ ಇಲ್ಲ, ಬರೀ ಚಿತ್ರ.

ಪಠ್ಯವನ್ನು ದನಿಯಾಗಿಸುವ ಮುಕ್ತ ತಂತ್ರಾಂಶ ಇಸ್ಪೀಕ್ ಕನ್ನಡವನ್ನೂ ಉಚ್ಚರಿಸಲು ಕಲಿತಾಗ, ಎನ್‌ವಿಡಿಎಯೊಂದಿಗೆ ಸೇರಿ ಕನ್ನಡದಲ್ಲಿ ಓದಿ ಹೇಳುವ ಉಚಿತ ವ್ಯವಸ್ಥೆ ಮೊದಲ ಬಾರಿಗೆ ಸಾಮಾನ್ಯರಿಗೆ ದಕ್ಕಿತು. 2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಭಾರತೀಯ ಭಾಷೆಗಳಲ್ಲಿ ಈ ದನಿಗಳನ್ನು ಸುಧಾರಿಸುವ, ಬಳಕೆದಾರರಿಗೆ ತರಬೇತಿ ಕೊಡುವ ಯೋಜನೆಯನ್ನು ಕೈಗೆತ್ತಿಕೊಂಡಿತು. ನೀತಿ ರೂಪಿಸುವ ಕೆಲಸದಲ್ಲೂ ಆ ಸಂಸ್ಥೆ ತೊಡಗಿತು. ಎಲೆಕ್ಟ್ರಾನಿಕ್ ಸುಗಮ್ಯತೆಯ ರಾಷ್ಟ್ರೀಯ ನೀತಿಗೆ ಕೇಂದ್ರ ಸಂಪುಟ 2013ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಪುಸ್ತಕಗಳನ್ನು ಬ್ರೈಲ್‌ಗೆ, ಧ್ವನಿಗೆ ಬದಲಿಸಲು ಪ್ರಕಾಶಕರ ಅನುಮತಿ ಬೇಡುತ್ತ ಕೂರಬೇಕಿದ್ದ ಸ್ಥಿತಿ 2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದ ಮುಗಿಯಿತು. ಇದೇ ಉದ್ದೇಶದ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಅಂಗೀಕರಿಸಿದ ಮೊದಲ ದೇಶ ಭಾರತವೇ. ಪಠ್ಯಪುಸ್ತಕ ಕೈಗೆ ಸಿಗದವರು ಉದ್ಯೋಗದ ಪರೀಕ್ಷೆಗೆ ಓದುವುದಾದರೂ ಹೇಗೆ? ಇಂದು ಹೊಸ ಕನ್ನಡ ಪಠ್ಯ ಬಹುಮಟ್ಟಿಗೆ ಯುನಿಕೋಡ್‌ನಲ್ಲಿದೆ. ಆದರೂ ಹಳೆಯ ಫಾಂಟ್‌ನ ಕಡತಗಳು, ಸ್ಕ್ಯಾನ್ ಮಾಡಿದ ಸುತ್ತೋಲೆಗಳು ಕಚೇರಿಗಳಲ್ಲಿ ಇನ್ನೂ ಓಡಾಡುತ್ತಿವೆ. ಕನ್ನಡದಲ್ಲಿ ಆಡಳಿತ ಎಂಬ ನಮ್ಮ ಅಭಿಮಾನದ ಮಾತು ಅಂಧ ಕನ್ನಡಿಗ ನೌಕರನಿಗೂ ಅನ್ವಯಿಸಬೇಕು.

ಹಳ್ಳಿಯವರೆಗೆ

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ದೇಶದ ಲೆಕ್ಕದಲ್ಲಿ ಅವರಲ್ಲಿ ಯಾವುದಾದರೂ ಕೆಲಸದಲ್ಲಿದ್ದವರು ಸುಮಾರು 36%. ಬಹುಪಾಲು ಮಂದಿ ಹಳ್ಳಿಗಳಲ್ಲಿದ್ದರು. ಬೆಂಗಳೂರಿನ ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಯ ತರಬೇತಿ ಕೇಂದ್ರ ಅವರಿಗೆ ದೂರದ ಮಾತು.

ಈ ಅಂತರವನ್ನು ತುಂಬಲು ಎನೇಬಲ್ ಇಂಡಿಯಾ ‘ನಮ್ಮ ವಾಣಿ’ ಎಂಬ ಧ್ವನಿ ಸೇವೆಯನ್ನು ಕನ್ನಡದಲ್ಲಿ ತಂದಿತು. ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ, ಓದು ಬರಹವೂ ಬೇಕಿಲ್ಲ. ಸಾಮಾನ್ಯ ಮೊಬೈಲಿನಿಂದ ಮಿಸ್ಡ್ ಕಾಲ್ ಕೊಟ್ಟರೆ ಮರಳಿ ಕರೆ ಬರುತ್ತದೆ. ಉದ್ಯೋಗದ ಸುದ್ದಿ, ಸರ್ಕಾರಿ ಸೌಲಭ್ಯದ ಮಾಹಿತಿ, ಬೇರೆ ವಿಕಲಚೇತನರು ತಮ್ಮ ದನಿಯಲ್ಲೇ ಹೇಳಿದ ಬದುಕಿನ ಅನುಭವ ಕೇಳಬಹುದು, ತಮ್ಮದನ್ನೂ ಹೇಳಬಹುದು. ಡಿಜಿಟಲ್ ಸುಗಮ್ಯತೆ ಎಂದರೆ ದುಬಾರಿ ಯಂತ್ರವೇ ಆಗಬೇಕಿಲ್ಲ, ಬಳಸುವವರ ಕೈಯಲ್ಲಿ ಈಗಾಗಲೇ ಇರುವ ಉಪಕರಣದಿಂದ ಆರಂಭಿಸಬಹುದು ಎಂಬುದಕ್ಕೆ ಇದು ನಮ್ಮ ನಾಡಿನ ಒಳ್ಳೆಯ ಉದಾಹರಣೆ.

ಸರ್ಕಾರದ ಕಡೆಯಿಂದ ಆದ ದೊಡ್ಡ ಕೆಲಸವೆಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಜಾಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ ಎಂದು ಕರೆಯುವ ಈ ಕಾರ್ಯಕರ್ತರು ಸ್ವತಃ ವಿಕಲಚೇತನರು. ಮಾಸಾಶನದ ಅರ್ಜಿ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ನೋಂದಣಿ, ಸಾಧನ ಸಲಕರಣೆಯ ಬೇಡಿಕೆ ಎಲ್ಲದಕ್ಕೂ ಇವರು ನೆರವಾಗುತ್ತಾರೆ. ಗೌರವಧನದ ಮೇಲೆ ದುಡಿಯುವ ಇವರೇ ನಮ್ಮ ನಾಡಿನ ವಿಕಲಚೇತನ ಉದ್ಯೋಗಿಗಳ ದೊಡ್ಡ ಗುಂಪುಗಳಲ್ಲಿ ಒಂದು. ಅರ್ಜಿಗಳೆಲ್ಲ ಆನ್‌ಲೈನ್ ಆದ ಮೇಲೆ, ಆ ಜಾಲತಾಣಗಳು ಇವರಿಗೇ ಬಳಸಲು ಬರುವಂತಿವೆಯೇ ಎಂಬುದು ಸುಗಮ್ಯತೆಯ ಮೊದಲ ಪರೀಕ್ಷೆಯಾಗಬೇಕು.

ಕಾನೂನು ಹೇಳಿದ್ದು

ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದರ 9ನೇ ವಿಧಿ ಸುಗಮ್ಯತೆಯನ್ನೂ 27ನೇ ವಿಧಿ ಕೆಲಸದ ಹಕ್ಕನ್ನೂ ಹೇಳುತ್ತದೆ. ಅದಕ್ಕೆ ತಕ್ಕಂತೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಹಿಂದಿನ ಕಾಯ್ದೆಯ 7 ಬಗೆಯ ವೈಕಲ್ಯಗಳು 21 ಆದವು, ಮೀಸಲಾತಿ 4% ಆಯಿತು. ಇವುಗಳಿಗಿಂತ ಆಳವಾದ ಬದಲಾವಣೆ ಬೇರೆ ಎರಡು ಕಡೆ ಆಯಿತು. ಒಂದು, ಸೂಕ್ತ ಹೊಂದಾಣಿಕೆ ಮಾಡಿಕೊಡಲು ನಿರಾಕರಿಸುವುದೇ ತಾರತಮ್ಯ ಎಂದು ಕಾಯ್ದೆ ಸಾರಿತು. ಎರಡು, ಸಮಾನ ಅವಕಾಶದ ನೀತಿಯನ್ನು ಪ್ರಕಟಿಸುವ ಕರ್ತವ್ಯ ಖಾಸಗಿ ಕಂಪನಿಗಳಿಗೂ ಬಂತು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಯಾವ ಸೌಲಭ್ಯ ಕೊಡುತ್ತೀರಿ, ಯಾವ ಹುದ್ದೆಗಳು ಸೂಕ್ತ, ಸಂಪರ್ಕಾಧಿಕಾರಿ ಯಾರು ಎಂಬುದನ್ನು ಆ ನೀತಿಯಲ್ಲಿ ಬರೆಯಬೇಕು. ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನದ ಸುಗಮ್ಯತೆಗೆ 42ನೇ ಕಲಂ ಮೀಸಲಾಯಿತು.

ನ್ಯಾಯಾಲಯಗಳು ಈ ಮಾತುಗಳಿಗೆ ಜೀವ ತುಂಬಿದವು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಬರಹಗಾರರ ನೆರವು ನಿರಾಕರಿಸಿದ್ದ ವಿಕಾಸ್ ಕುಮಾರ್ ಪ್ರಕರಣದಲ್ಲಿ, 2021ರಲ್ಲಿ ಸುಪ್ರೀಂ ಕೋರ್ಟ್ ಸೂಕ್ತ ಹೊಂದಾಣಿಕೆಯನ್ನು ಸಮಾನತೆಯ ತಿರುಳು ಎಂದು ಎತ್ತಿಹಿಡಿಯಿತು. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ, ಸುಗಮ್ಯತೆಯನ್ನು ಬರೀ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿದ್ದ ನಿಯಮ ಕಾಯ್ದೆಗೆ ವಿರುದ್ಧ ಎಂದು ಹೇಳಿ, ಕಡ್ಡಾಯ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ 3 ತಿಂಗಳ ಗಡುವು ಕೊಟ್ಟಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದ ತೀರ್ಪು ಬಂತು. ಆ್ಯಸಿಡ್ ದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲು ಆಗದವರು ಗ್ರಾಹಕರ ಗುರುತು ಖಚಿತಪಡಿಸುವ ಡಿಜಿಟಲ್ ಕೆವೈಸಿ ಮುಗಿಸಲಾಗದೆ ಬ್ಯಾಂಕ್ ಸೇವೆಯಿಂದ ಹೊರಗುಳಿದಿದ್ದರು. ಡಿಜಿಟಲ್ ಪ್ರವೇಶ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದ ನ್ಯಾಯಾಲಯ 20 ನಿರ್ದೇಶನಗಳನ್ನು ಹೊರಡಿಸಿತು. ಸಂಬಳ ಜಮೆಯಾಗುವ ಖಾತೆಯೂ ಹೀಗೆಯೇ ತೆರೆಯಬೇಕಾದದ್ದು ಎಂದು ನೆನೆದರೆ, ಈ ತೀರ್ಪು ಉದ್ಯೋಗಕ್ಕೆ ಎಷ್ಟು ಹತ್ತಿರದ್ದು ಎಂದು ತಿಳಿಯುತ್ತದೆ.

ಮಾನದಂಡಕ್ಕೂ ಕೊರತೆಯಿಲ್ಲ. ಜಾಗತಿಕ ವೆಬ್ ಒಕ್ಕೂಟದ ಸುಗಮ್ಯತಾ ಮಾರ್ಗಸೂಚಿಯ ಮೊದಲ ಆವೃತ್ತಿ 1999ರಲ್ಲೇ ಬಂತು, 2.2ನೇ ಆವೃತ್ತಿ 2023ರಲ್ಲಿ ಹೊರಬಿತ್ತು. ವಿಷಯ ಇಂದ್ರಿಯಕ್ಕೆ ಗೋಚರವಾಗಬೇಕು, ಕೈಗೆ ನಡೆಯಬೇಕು, ತಲೆಗೆ ಅರ್ಥವಾಗಬೇಕು, ಬೇರೆ ಬೇರೆ ಉಪಕರಣಗಳಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂಬುದು ಅದರ ನಾಲ್ಕು ಸೂತ್ರ. ಭಾರತೀಯ ಮಾನಕ ಸಂಸ್ಥೆಯ ಐಎಸ್ 17802 ಎರಡು ಭಾಗಗಳಲ್ಲಿ 2021 ಮತ್ತು 2022ರಲ್ಲಿ ಬಂದು, 2023ರಲ್ಲಿ ಕಾಯ್ದೆಯ ನಿಯಮಗಳಲ್ಲಿ ಸೇರಿತು. ಅಂದರೆ ಇಂದು ಸುಗಮ್ಯವಲ್ಲದ ತಂತ್ರಾಂಶವನ್ನು ಕೊಳ್ಳುವ ಕಚೇರಿ, ಬರೆಯುವ ಕಂಪನಿ ಎರಡೂ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ.

ಉಳಿದಿರುವ ಕೆಲಸ

ಹೇಮಾ ಅವರ ಕಾಲದಲ್ಲಿ ಸಂಸ್ಥೆಗಳ ಮುಂದಿದ್ದ ಕೆಲಸ ಜನರನ್ನು ಉದ್ಯೋಗಕ್ಕೆ ಸಿದ್ಧಪಡಿಸುವುದು. ಆ ಕೆಲಸ ಇಂದಿಗೂ ಬೇಕು, ನಡೆಯುತ್ತಲೂ ಇದೆ. ಅದರ ಜೊತೆಗೆ ಇಂದಿನ ಕೆಲಸ ಉದ್ಯೋಗವನ್ನೇ ಜನರಿಗೆ ಸಿದ್ಧಪಡಿಸುವುದು. ಈ ಎರಡನೆಯದು ಸೇವಾಸಂಸ್ಥೆಗಳ ಕೈಲಾಗುವಂಥದ್ದಲ್ಲ. ಒಬ್ಬೊಬ್ಬ ನೌಕರನಿಗೂ ಒಂದೊಂದು ಸ್ಕ್ರಿಪ್ಟ್ ಬರೆದುಕೊಡುತ್ತ, ಪ್ರತಿ ಬಾರಿ ತಂತ್ರಾಂಶ ನವೀಕರಣವಾದಾಗ ಕೆಟ್ಟುಹೋದ ದಾರಿಯನ್ನು ಮತ್ತೆ ಮತ್ತೆ ಸರಿಪಡಿಸುತ್ತ ಸಂಸ್ಥೆಗಳು ಇಷ್ಟು ವರ್ಷ ದುಡಿದಿವೆ. ಮನೆ ಕಟ್ಟಿ ಮುಗಿದ ಮೇಲೆ ಬಾಗಿಲಿಗಾಗಿ ಗೋಡೆ ಒಡೆಯುವಂಥ ಈ ಶ್ರಮ ಇನ್ನು ನಿಲ್ಲಬೇಕು.

ಅದಕ್ಕೆ ದಾರಿಗಳು ಸ್ಪಷ್ಟವಾಗಿವೆ. ಸರ್ಕಾರಿ ಇಲಾಖೆಗಳು ತಂತ್ರಾಂಶ ಖರೀದಿಯ ಟೆಂಡರಿನಲ್ಲೇ ಐಎಸ್ 17802ರ ಷರತ್ತು ಹಾಕಿ, ವಿಕಲಚೇತನ ನೌಕರರೇ ಬಳಸಿ ನೋಡಿ ಒಪ್ಪಿದ ಮೇಲೆ ಹಣ ಪಾವತಿಸಬೇಕು. ಆದೇಶ, ಸುತ್ತೋಲೆಗಳು ಯುನಿಕೋಡ್ ಅಕ್ಷರವಾಗಿಯೇ ಪ್ರಕಟವಾಗಬೇಕು. ಸಹಿ ಬೇಕಿದ್ದಲ್ಲಿ ಡಿಜಿಟಲ್ ಸಹಿ ಸಾಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಸುಗಮ್ಯತೆಯನ್ನು ಪ್ರೋಗ್ರಾಮಿಂಗ್ ಪಾಠದ ಭಾಗವಾಗಿಯೇ ಕಲಿಸಬೇಕು. ಜಗತ್ತಿಗೆ ತಂತ್ರಾಂಶ ಬರೆದುಕೊಡುವ ಊರಿನಿಂದ ಹೊರಡುವ ಪ್ರತಿ ಪರದೆಯೂ ದೃಷ್ಟಿಯಿಲ್ಲದ ಒಬ್ಬ ಪರೀಕ್ಷಕರ ಕೈದಾಟಿ ಹೋಗುವಂತಾದರೆ, ಅದರಿಂದ ಉದ್ಯೋಗವೂ ಸಿಗುತ್ತದೆ, ತಂತ್ರಾಂಶವೂ ಸುಧಾರಿಸುತ್ತದೆ. ಕಂಪನಿಗಳು ಪ್ರಕಟಿಸಬೇಕಾದ ಸಮಾನ ಅವಕಾಶದ ನೀತಿ ಜಾಲತಾಣದ ಮೂಲೆಯ ಪುಟವಾಗಿ ಉಳಿಯದೆ, ನೇಮಕದಷ್ಟೇ ಬಡ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಿವುಡ ನೌಕರರಿರುವ ಸಭೆಗೆ ಸಂಜ್ಞಾಭಾಷೆಯ ದುಭಾಷಿ ಅಥವಾ ಅಕ್ಷರರೂಪ ಇರುವುದು ಕಾರ್ಯಸೂಚಿ ಇರುವಷ್ಟೇ ಸಹಜವಾಗಬೇಕು.

ಇದನ್ನು ಓದುತ್ತಿರುವವರಲ್ಲಿ ಅಧಿಕಾರಿಗಳಿದ್ದೀರಿ, ಮಾನವ ಸಂಪನ್ಮೂಲ ವಿಭಾಗದವರಿದ್ದೀರಿ, ತಂತ್ರಾಂಶ ಬರೆಯುವ ಯುವಕ ಯುವತಿಯರಿದ್ದೀರಿ. ನಿಮ್ಮ ಕಚೇರಿಯ ಹಾಜರಿ, ರಜೆ, ಸಂಬಳದ ಪುಟಗಳನ್ನು ಮೌಸ್ ಮುಟ್ಟದೆ ಕೀಲಿಮಣೆಯಿಂದಷ್ಟೇ ಒಮ್ಮೆ ಬಳಸಿ ನೋಡಿ. ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಹಾಕಿಕೊಂಡು, ನೀವು ನಿನ್ನೆ ಕಳಿಸಿದ ಕಡತವನ್ನು ಕಣ್ಣುಮುಚ್ಚಿ ಕೇಳಿ. ಎಲ್ಲಿ ತಡೆ ಬರುತ್ತದೋ ಅಲ್ಲಿ ನಿಮ್ಮ ಕೆಲಸ ಶುರುವಾಗುತ್ತದೆ. ವಿಕಲಚೇತನರು ಮತ್ತು ಅವರ ಸಂಸ್ಥೆಗಳು ತಮ್ಮ ಪಾಲಿನದನ್ನು ಆರು ದಶಕಗಳಿಗೂ ಮೀರಿ ಮಾಡಿ ತೋರಿಸಿವೆ. ಇನ್ನುಳಿದ ಪಾಲು ನಮ್ಮೆಲ್ಲರದು, ಅದನ್ನು ಈ ವರ್ಷವೇ ಕೈಗೆತ್ತಿಕೊಳ್ಳೋಣ.